ಬೊಳ್ಳ, ಕಾಳ ಮತ್ತು ಆಟಿಯ ಎಲೆ

ಬೇಸಿಗೆ ರಜೆಯ ತಿಂಗಳುಗಳಲ್ಲಿ ನಮ್ಮ ಮನೆಯೊಳಗೆ ಹಗಲೆಂಬುದೇ ಇರುತ್ತಿರಲಿಲ್ಲ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟು. ಒಂದು ಮಲಗುವ ಕೋಣೆ, ಒಂದು ಹಾಲ್, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ. ಅಮ್ಮ ಬೆಳಿಗ್ಗೆ ಎದ್ದವಳೇ ಕಿಟಕಿಗಳ ದಪ್ಪ ಪರದೆ ಎಳೆದುಬಿಟ್ಟರೆ ಮತ್ತೆ ಸರಿಸುತ್ತಿದ್ದದ್ದು ಸಂಜೆಯ ಬಾಂಗಿನ ಹೊತ್ತಿಗೆ. ನಡುವೆ ಇಡೀ ದಿನ ಎಸಿಯ ಗುಂಯ್ ಸದ್ದು, ಬೂದು ಬಣ್ಣದ ಕತ್ತಲೆ. ಮಲಗುತ್ತಿದ್ದೆ, ಏಳುತ್ತಿದ್ದೆ, ಏನಾದರೂ ಗೀಚುತ್ತಿದ್ದೆ, ಮತ್ತೆ ಮಲಗುತ್ತಿದ್ದೆ. ಯಾವುದು ನಡೆದದ್ದು, ಯಾವುದು ಕನಸಿನಲ್ಲಿ ಕಂಡದ್ದು ಎಂದು ಗೊತ್ತಾಗುತ್ತಿರಲಿಲ್ಲ. ಮರುಭೂಮಿಯಲ್ಲಿ ಬೆಳೆದವಳು ಎಂದರೆ ಜನ ಬಿಸಿಲಿನ ಬಗ್ಗೆ ಕೇಳುತ್ತಾರೆ. ನನಗೆ ಮೊದಲು ನೆನಪಾಗುವುದು ಆ ತಂಪು ಕತ್ತಲೆಯೇ. ಆದ್ದರಿಂದ ಮುಂದೆ ಹೇಳುವುದರಲ್ಲಿ ಸ್ವಲ್ಪ ಕನಸೂ ಬೆರೆತಿದ್ದೀತು. ಲಾಮಾ ಎಂಬ, ಒಂಟೆಯ ಹಾಗೆ ಉದ್ದ ಕತ್ತಿನ ಪ್ರಾಣಿಗಳು ಮಾತ್ರ ಕನಸಲ್ಲ. ಅವುಗಳ ಉಗುಳು ಬಿದ್ದ ಅಪ್ಪನ ಅಂಗಿ ನಮ್ಮ ಮನೆಯಲ್ಲಿ ಬಹಳ ಕಾಲ ನೆಲ ಒರೆಸುವ ಬಟ್ಟೆಯಾಗಿತ್ತು.

ಆ ವರ್ಷ ಅಮ್ಮನ ತಾಯಿ, ನನ್ನ ಅಜ್ಜಿ, ವಿಸಿಟ್ ವೀಸಾದಲ್ಲಿ ಬಂದಿದ್ದಳು. ಹಾಲ್‌ಗೆ ಅಡ್ಡವಾಗಿ ಹಗ್ಗ ಕಟ್ಟಿ, ಅಮ್ಮನ ಹಳೆಯ ಸೀರೆಯೊಂದನ್ನು ಇಳಿಬಿಟ್ಟು, ಅದರ ಆಚೆಗಿನದು ಅಜ್ಜಿಯ ಕೋಣೆ ಎಂದು ಮಾಡಿದೆವು. ಮಂಚ ಬೇಡವೆಂದು ಅವಳು ಚಾಪೆ ಹಾಸಿಕೊಂಡಳು. ಅಜ್ಜಿ ಕಾರ್ಕಳದ ಕಡೆಯವಳು, ಮಾತು ತುಳು. ಅಪ್ಪ ಗದಗ ಕಡೆಯ ಲಿಂಗಾಯತರು. ಅಮ್ಮನನ್ನು ಇಷ್ಟಪಟ್ಟು ಮದುವೆಯಾದವರು, ತುಳುವಿನಲ್ಲಿ ಊಟ ಆಯಿತೇ ಎಂದು ಕೇಳುವಷ್ಟು ಮಾತ್ರ ಕಲಿತವರು. ಹಾಗಾಗಿ ಮನೆಯಲ್ಲಿ ಎಲ್ಲರೂ ಆಡುತ್ತಿದ್ದದ್ದು ಕನ್ನಡ, ಅದೂ ಎರಡು ದಿಕ್ಕಿನ ಕನ್ನಡ. ಅಜ್ಜಿಗೆ ಹಿಂದಿ, ಇಂಗ್ಲಿಷ್ ಬಾರದು. ಕೆಳಗಿನ ವಾಚ್‌ಮ್ಯಾನ್‌ನಿಂದ ಎದುರು ಫ್ಲ್ಯಾಟಿನ ಫಿಲಿಪಿನೋ ಹೆಂಗಸಿನವರೆಗೆ ಅವಳ ಮಾತನ್ನು ದಾಟಿಸುವವಳು ನಾನೇ. ಯಾರಿಗೂ ನೋವಾಗದಂತೆ ಮಾತಿಗೆ ಚೂರು ಬೆಲ್ಲ ಸವರುವುದನ್ನು ಆ ವಯಸ್ಸಿಗೇ ಕಲಿತಿದ್ದೆ. ಎದುರು ಮನೆಯ ಅಡುಗೆ ವಾಸನೆಗೆ ತಲೆನೋವು ಬರುತ್ತದೆಂದು ಅಜ್ಜಿ ಹೇಳಿದರೆ, ನಿಮ್ಮ ಅಡುಗೆಯ ಘಮ ನಮ್ಮ ಮನೆಯವರೆಗೂ ಬರುತ್ತದಂತೆ ಎಂದು ನಗುತ್ತ ಹೇಳುತ್ತಿದ್ದೆ. ಇವತ್ತು ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಾತನ್ನು ವೈದ್ಯರಿಗೆ ತಿಳಿಸುವುದೇ ನನ್ನ ಉದ್ಯೋಗ. ಅಲ್ಲಿ ಬೆಲ್ಲಕ್ಕೆ ಅವಕಾಶವಿಲ್ಲ, ಆದರೂ ನಾಲಿಗೆ ಒಮ್ಮೊಮ್ಮೆ ಹಳೆಯ ಅಭ್ಯಾಸಕ್ಕೆ ಎಳೆಯುತ್ತದೆ.

ಆ ಮನೆಯಲ್ಲಿ ಒಂದು ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಸುಧಾಕರ ಮಾಮನ ಹೆಸರು. ಅವನು ಅಮ್ಮನ ತಮ್ಮ, ಅಜ್ಜಿಯ ಒಬ್ಬನೇ ಮಗ; ಅಲ್ ಐನ್ ಹತ್ತಿರ ಒಬ್ಬ ಅರಬನ ತೋಟದ ಮ್ಯಾನೇಜರ್. ಹಿಂದಿನ ವರ್ಷ ಅಜ್ಜ ತೀರಿಕೊಂಡಾಗ ಮಾಮ ಏರ್‌ಪೋರ್ಟಿನಿಂದ ಫೋನ್ ಮಾಡಿ ಹೊರಟೆ ಎಂದಿದ್ದ. ಅವನ ವೀಸಾ ಬದಲಾಗುತ್ತಿದ್ದ ಸಮಯ ಅದು. ಅದರ ಕಾಗದಪತ್ರ ಪೂರ್ತಿಯಾಗಿಲ್ಲವೆಂದು ಕೌಂಟರಿನಲ್ಲೇ ತಡೆದು ವಾಪಸು ಕಳಿಸಿದರು. ಅದನ್ನು ತಾಯಿಗೆ ಹೇಳುವ ಧೈರ್ಯವಾಗದೆ ಮಾಮ ಫೋನ್ ಆಫ್ ಮಾಡಿ ಕುಳಿತುಬಿಟ್ಟ. ಅಲ್ಲಿ ಅಜ್ಜಿ, ಮಗ ಬರುತ್ತಿದ್ದಾನೆ ಎಂದು ಊರವರನ್ನೆಲ್ಲ ತಡೆದು, ಹೊತ್ತು ಮುಳುಗುವವರೆಗೆ ಅಜ್ಜನನ್ನು ಅಂಗಳದಲ್ಲೇ ಮಲಗಿಸಿಕೊಂಡು ಕಾದಳು. ಕೊನೆಗೆ ಬೆಂಕಿ ಇಟ್ಟವನು ಯಾರೋ ದಾಯಾದಿ. ಬಾರದೇ ಹೋದದ್ದನ್ನು ಅಜ್ಜಿ ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಬರುತ್ತೇನೆಂದು ಕಾಯಿಸಿದ್ದನ್ನು ನುಂಗಲಾಗಲಿಲ್ಲ. ಅಂದಿನಿಂದ ಮಗನ ಜೊತೆ ಮಾತು ಬಿಟ್ಟಳು. ದುಬೈಗೆ ಬಂದ ಮೇಲೂ ಅವನು ಫೋನ್ ಮಾಡಿದರೆ ಸೀರೆಯ ಪರದೆಯಾಚೆಗೆ ಹೋಗಿ ಮಲಗುತ್ತಿದ್ದಳು.

ಅಷ್ಟರಲ್ಲಿ ಆಟಿ ಬಂತು. ಆಟಿಯೆಂದರೆ ತುಳುವರ ಮಳೆಗಾಲದ ತಿಂಗಳು. ಶುಭಕಾರ್ಯಗಳಿಲ್ಲ; ಹೊಸದಾಗಿ ಮದುವೆಯಾದವಳನ್ನು ತವರಿಗೆ ಕರೆತರಬೇಕು, ತೀರಿಹೋದವರನ್ನು ಕರೆದು ಉಣಬಡಿಸಬೇಕು. ದುಬೈಯಲ್ಲಿ ಮಳೆಯಿಲ್ಲದಿದ್ದರೇನು, ಅಜ್ಜಿಯ ಲೆಕ್ಕದಲ್ಲಿ ಆಟಿ ಎಲ್ಲ ಕಡೆಗೂ ಬರುತ್ತದೆ. ಬಡಿಸುವುದಕ್ಕೆ ನಮ್ಮ ಕುಟುಂಬದಲ್ಲೊಂದು ಕ್ರಮವಿದೆ. ಬಾಳೆ ಎಲೆಯಲ್ಲಿ ಅನ್ನ, ಕೋಳಿ ಸಾರು, ಸತ್ತವರಿಗೆ ಇಷ್ಟವಾದದ್ದೆಲ್ಲ ಇಡಬೇಕು. ಬಡಿಸುವವನು ಮನೆಯ ಗಂಡಸು. ಬಡಿಸಿದ ಮೇಲೆ ಎಲ್ಲರೂ ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು, ಅವರು ಸಂಕೋಚವಿಲ್ಲದೆ ಉಣ್ಣಲಿ ಎಂದು. ಅನಂತರ ಅದೇ ಎಲೆಯ ಮುಂದೆ ಮನೆಯವರಲ್ಲಿ ಒಬ್ಬರು ಕುಳಿತು ಉಣ್ಣಬೇಕು. ಕೂರುವವರು ಯಾರೆಂದು ಹೇಳುವವರು ಹಿರಿಯರು. ಕೂತವರು ಸತ್ತವರ ಜಾಗಕ್ಕೆ ಬಂದರು ಎಂದು ಅರ್ಥ. ಇದೆಲ್ಲವನ್ನೂ ಫ್ಲ್ಯಾಟಿನಲ್ಲೇ ಮಾಡೋಣವೆಂದು ಅಮ್ಮ ಹೊರಟಳು. ಮುನ್ನಾದಿನ ಅಜ್ಜಿ ಒಣಮೀನು ಹುರಿದದ್ದೇ ತಡ, ಚಾವಣಿಯ ಹೊಗೆ ಗಂಟೆ ಬಡಿದುಕೊಂಡು, ವಾಚ್‌ಮ್ಯಾನ್ ಓಡಿಬಂದು, ಮಹಡಿಯ ಜನವೆಲ್ಲ ಬಾಗಿಲಲ್ಲಿ ನಿಂತರು. ಗಲಾಟೆ ಮುಗಿದ ಮೇಲೆ ಅಜ್ಜಿ ಬಾಣಲೆ ಹಿಡಿದುಕೊಂಡೇ ಹೇಳಿದಳು.

"ಈ ಪೆಟ್ಟಿಗೆಯೊಳಗೆ ಅವರು ಬರುವುದು ಹೇಗೆ? ಮೇಲೆ ಆಕಾಶ ಇಲ್ಲ, ಕೆಳಗೆ ಮಣ್ಣಿಲ್ಲ. ಬಂದ್ರೂ ಈ ಗಂಟೆ ಕೇಳಿ ಓಡಿ ಹೋಗ್ತಾರೆ."

"ಮಣ್ಣಿರುವ ಜಾಗ ಒಂದುಂಟು ಅಮ್ಮ," ಎಂದಳು ನನ್ನ ಅಮ್ಮ. "ಅಲ್ ಐನ್‌ನಲ್ಲಿ."

ಅಜ್ಜಿ ಬಾಣಲೆಯನ್ನು ಕೆಳಗಿಟ್ಟಳು.

"ಬರ್ತೇನೆ. ಆದ್ರೆ ಅವನ ಹತ್ರ ಮಾತಾಡು ಅಂತ ನನಗೆ ಹೇಳ್ಲಿಕ್ಕಿಲ್ಲ. ಬಡಿಸ್ಲಿಕ್ಕೆ ಅಳಿಯ ಇದ್ದಾರಲ್ಲ, ಅವರು ಬಡಿಸ್ತಾರೆ."

ಅಪ್ಪ ಮೊಬೈಲಿನಿಂದ ತಲೆಯೆತ್ತಿ ಬಾಯಿ ತೆರೆದರು. ಅಮ್ಮ ಕಣ್ಣಲ್ಲೇ ಸುಮ್ಮನಿರಿಸಿದಳು. ಮೊಟ್ಟೆಯ ವಾಸನೆ ಬಂದರೆ ಬಾಲ್ಕನಿಗೆ ಹೋಗಿ ನಿಲ್ಲುವ ಮನುಷ್ಯ ಕೋಳಿ ಸಾರು ಬಡಿಸುವುದು ಹೇಗೆ ಎಂದು ನನಗೆ ಆಗಲೇ ಅನುಮಾನ ಬಂದಿತ್ತು. ಅಮ್ಮನ ಮುಖ ಮಾತ್ರ ಎದುರಿನವರು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವಳ ಮುಖದಂತಿತ್ತು.

ಹೊರಟದ್ದು ಮೊದಲು ಅಬುಧಾಬಿಗೆ. ಅಮ್ಮನ ತಂಗಿ ಶೋಭಾ ಚಿಕ್ಕಮ್ಮ ಆ ವರ್ಷವೇ ಮದುವೆಯಾಗಿ ಮುಸಫ್ಫಾದಲ್ಲಿ ಮನೆ ಮಾಡಿದ್ದಳು. ಆಟಿಗೆ ಅವಳನ್ನು ಕರೆದುಕೊಳ್ಳಬೇಕಿತ್ತು. ನಮ್ಮ ಹಳೆಯ ಏಳು ಸೀಟಿನ ಗಾಡಿಯ ಹಿಂದೆ ಬಾಳೆ ಎಲೆಯ ಕಟ್ಟು, ನೀರಿನ ಕ್ಯಾನು, ಚಾಪೆ, ದಿಂಬು. ಕಿಟಕಿಯಾಚೆ ಕಟ್ಟಡಗಳು ಬಿಸಿಲಿನ ಧೂಳಿನಲ್ಲಿ ಅಲುಗಾಡುತ್ತಿದ್ದವು. ಚಿಕ್ಕಮ್ಮನ ಮನೆಯಲ್ಲಿ ಊರಿನವರು ಎಷ್ಟೋ ಜನ ಸೇರಿದ್ದರು. ಎಲ್ಲರೂ ಅಜ್ಜಿಯ ಕಾಲು ಮುಟ್ಟಿ, ಪತ್ರೊಡೆ ತಿಂದು, ಊರಿನ ಯಾರ ಮನೆಯ ಬಾವಿ ಎಷ್ಟು ತುಂಬಿದೆ ಎಂದು ಮಾತಾಡಿಕೊಂಡರು. ಊಟವಾದ ಮೇಲೆ ಅಲ್ಲೂ ಪರದೆ ಎಳೆದರು. ಹೆಂಗಸರು ಮಕ್ಕಳೆಲ್ಲ ನೆಲದ ಮೇಲೆ ಸಾಲಾಗಿ ಮಲಗಿದೆವು. ನಿದ್ದೆಗಣ್ಣಿನಲ್ಲಿ ಕೇಳಿದ ಪಿಸುಮಾತುಗಳು ಯಾರವೆಂದು ಇಂದಿಗೂ ಗೊತ್ತಿಲ್ಲ. ಚಿಕ್ಕಪ್ಪನಿಗೆ ಡ್ಯೂಟಿ ಇದ್ದದ್ದರಿಂದ ಅವರು ಬರಲಿಲ್ಲ. ಚಿಕ್ಕಮ್ಮ ಬ್ಯಾಗು ಹಿಡಿದು ಗಾಡಿ ಹತ್ತಿದಾಗ ಅಜ್ಜಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಬಾ. ಈ ವರ್ಷ ನಿನಗೆ ಗಾಡಿಯೇ ತವರು."

ಅಲ್ ಐನ್ ರಸ್ತೆಯುದ್ದಕ್ಕೂ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಕಣ್ಣು ಬಿಟ್ಟಾಗಲೆಲ್ಲ ಖರ್ಜೂರದ ಮರಗಳು ಹಿಂದಕ್ಕೆ ಓಡುತ್ತಿದ್ದವು, ಅಜ್ಜಿಯ ಬೆರಳು ನನ್ನ ಕೂದಲಿನಲ್ಲಿ ಓಡಾಡುತ್ತಿತ್ತು. ತೋಟ ಹತ್ತಿರವಾದಂತೆ ಆ ಬೆರಳು ನಿಂತುಹೋಯಿತು. ಗೇಟಿನ ಬಳಿ ಮಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ತಾಯಿಯ ಕಾಲು ಮುಟ್ಟಲು ಬಗ್ಗಿದ. ಅಜ್ಜಿ ಸೀರೆಯ ನೆರಿಗೆ ಎತ್ತಿಕೊಂಡು, ಅವನನ್ನು ಬದಿಗೆ ಬಿಟ್ಟು, ಕೊಟ್ಟಿಗೆಯ ಕಡೆ ನಡೆದಳು. ಬಗ್ಗಿದವನು ಹಾಗೆಯೇ ಒಂದು ಕ್ಷಣ ಮಣ್ಣನ್ನು ನೋಡುತ್ತಿದ್ದ. ಅದನ್ನು ನೋಡಿ ನನಗೆ ಅಳು ಬಂತು.

ಆ ಕೊಟ್ಟಿಗೆಗೆ ಎಸಿ ಇತ್ತು. ಮಾಮನ ಅರ್ಬಾಬ್, ಅಂದರೆ ತೋಟದ ಧಣಿ, ಎಲ್ಲಿಯದೋ ಪ್ರದರ್ಶನದಲ್ಲಿ ನೋಡಿ ಮೋಹಗೊಂಡು ಎರಡು ಲಾಮಾಗಳನ್ನು ತಂದಿದ್ದ. ತೋಟದ ಹಿಂದೆ ಗಾಡಿ ಹೋಗದ ಕಲ್ಲು ದಿಬ್ಬ, ಅದರ ನೆತ್ತಿಯಲ್ಲಿ ಗಾಫ್ ಮರವೊಂದರ ಪಕ್ಕ ಸಮತಟ್ಟು ನೆಲ. ಚಳಿಗಾಲದಲ್ಲಿ ಧಣಿಯ ಕುಟುಂಬ ಅಲ್ಲಿ ಟೆಂಟು ಹಾಕುತ್ತಿತ್ತು. ಪಾತ್ರೆ ಪಡಗ ಹೊರುವುದಕ್ಕೆ ಲಾಮಾಗಳನ್ನು ಮಾಮನೇ ಪಳಗಿಸಿದ್ದ. ಬೇಸಿಗೆಯಲ್ಲಿ ಧಣಿ ತಣ್ಣನೆಯ ದೇಶಕ್ಕೆ ಹೋಗುತ್ತಿದ್ದ, ಲಾಮಾಗಳು ಉಣ್ಣೆ ಕತ್ತರಿಸಿಕೊಂಡು ಎಸಿಯಲ್ಲಿ ಇರುತ್ತಿದ್ದವು. ಅಜ್ಜಿ ಬಾಗಿಲಲ್ಲಿ ನಿಂತು ಆ ಉದ್ದ ಕತ್ತು, ಅರೆಮುಚ್ಚಿದ ರೆಪ್ಪೆಗಳನ್ನು ನೋಡಿದಳು. ಮಾಮ ಎರಡು ಮಾರು ದೂರದಲ್ಲಿದ್ದ. ಅಜ್ಜಿ ನನ್ನ ಕಡೆ ತಿರುಗಿದಳು.

"ಅವನನ್ನು ಕೇಳು ಮಗಾ, ದೇವರಿಗೆ ಒಂಟೆ ಮಾಡುವಾಗ ಮಣ್ಣು ಮುಗಿಯಿತಾ ಅಂತ."

"ಮಾಮ, ಇದು ಯಾವ ಪ್ರಾಣಿ ಅಂತ ಅಜ್ಜಿ ಕೇಳ್ತಿದ್ದಾರೆ."

ಎರಡನ್ನೂ ಕೇಳಿಸಿಕೊಂಡ ಮಾಮ ನಗು ತಡೆದುಕೊಂಡ.

"ಲಾಮಾ ಅಂತ ಹೇಳು. ಬಿಳಿಯದ್ದು ಬೊಳ್ಳ, ಕಪ್ಪಿನದ್ದು ಕಾಳ."

ಅಜ್ಜಿಯ ಮುಖ ಬದಲಾಯಿತು. ಅಜ್ಜನ ಉಳುವ ಎತ್ತುಗಳ ಹೆಸರು ಅವು ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ದಾಟಿಸಲು ಮಾತೇ ಇಲ್ಲದೆ ನಾನು ಸುಮ್ಮನೆ ನಿಂತಿದ್ದೆ. ಅದೇ ಹೊತ್ತಿಗೆ ಅಪ್ಪ ಕಾಳನ ಪಕ್ಕ ನಿಂತು ಸೆಲ್ಫಿ ತೆಗೆಯಲು ಹೋಗಿ, ಅಂಗಿಯ ತುಂಬ ಹಸಿರು ಉಗುಳು ಹಾಕಿಸಿಕೊಂಡರು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಡುಗೆ ಮಾಮನ ಕೋಣೆಯಲ್ಲೇ ಆಯಿತು. ಬಿಸಿಲು ಇಳಿದ ಮೇಲೆ ಲಾಮಾಗಳ ಬೆನ್ನಿಗೆ ದಪ್ಪ ಕಂಬಳಿ ಹಾಸಿ, ಎರಡೂ ಬದಿಗೆ ಚೀಲ ತೂಗುಬಿಟ್ಟು ಹೇರತೊಡಗಿದೆವು. ಲಾಮಾ ಮೆತ್ತಗಿನ ಪ್ರಾಣಿ, ಆದರೆ ಭಾರ ಹೆಚ್ಚಾದರೆ ಅಥವಾ ಒಂದು ಕಡೆ ವಾಲಿದರೆ ಕಾಲು ಮಡಚಿ ಕುಳಿತುಬಿಡುತ್ತದೆ. ಆಮೇಲೆ ಬ್ರಹ್ಮ ಬಂದರೂ ಏಳದು. ಆದ್ದರಿಂದ ಮಾಮ ಎರಡೂ ಚೀಲಗಳನ್ನು ಕೈಯಲ್ಲೇ ತೂಗಿ ನೋಡುತ್ತಿದ್ದ. ಅನ್ನ, ಸಾರು, ಪಾಯಸದ ಪಾತ್ರೆಗಳು ಕಾಳನ ಮೇಲೆ. ಚಾಪೆ, ನೀರು ಬೊಳ್ಳನ ಮೇಲೆ. ಎಲೆಯ ಕಟ್ಟನ್ನು ಮಾಮ ಚೀಲದೊಳಗೆ ತೂರಿಸಲು ಹೋದಾಗ ಅಜ್ಜಿ ತಡೆದಳು.

"ಎಲೆ ಮಡಚಬಾರದು ಅಂತ ಹೇಳು ಅವನಿಗೆ. ಎಲೆ ಯಾವಾಗಲೂ ಎಲ್ಲಕ್ಕಿಂತ ಮೇಲೆ."

ಊರಿನಲ್ಲಿ ತಲೆಹೊರೆಯ ಕ್ರಮ ಅದು. ಬುಟ್ಟಿ ಎಷ್ಟೇ ತುಂಬಿರಲಿ, ಬಾಳೆ ಎಲೆ ಹರಿಯದ ಹಾಗೆ ಮೇಲಿರಬೇಕು. ನಾನು ಹೇಳಿದೆ, ಮಾಮ ಕಟ್ಟನ್ನು ಬೊಳ್ಳನ ಬೆನ್ನ ಮೇಲೆ ಅಡ್ಡಲಾಗಿ ಬಿಗಿದ. ಹಗ್ಗ ಹಿಡಿದು ಮಾಮ ಎಲ್ಲರಿಗಿಂತ ಮುಂದೆ, ಅವನ ಹಿಂದೆ ಬೊಳ್ಳ, ಅದರ ಹಿಂದೆ ಕಾಳ, ಕೊನೆಯಲ್ಲಿ ನಾವು. ಗಾಳಿ ಇನ್ನೂ ಬೆಚ್ಚಗಿತ್ತು, ಕಲ್ಲು ಚಪ್ಪಲಿಯ ಮೂಲಕ ಸುಡುತ್ತಿತ್ತು. ದೂರದ ಹಫೀತ್ ಬೆಟ್ಟದ ರಸ್ತೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡು, ಯಾರೋ ಆಕಾಶಕ್ಕೆ ದಾರಿ ಬರೆದಂತೆ ಕಾಣುತ್ತಿದ್ದವು. ಲಾಮಾಗಳು ನಮ್ಮ ಹಾಲ್‌ನ ಎಸಿಯ ಹಾಗೆ ಗುಂಯ್ ಎನ್ನುತ್ತ ನಡೆಯುತ್ತಿದ್ದವು. ಅದು ಅವುಗಳ ಮಾತು ಎಂದು ಮಾಮ ಹೇಳಿದ್ದ. ನಾನು ನಡೆಯುತ್ತಿದ್ದೇನೋ ಹಾಲ್‌ನಲ್ಲಿ ಮಲಗಿದ್ದೇನೋ ಎಂದು ಒಮ್ಮೆ ಅನ್ನಿಸಿಬಿಟ್ಟಿತು. ಅಷ್ಟರಲ್ಲಿ ಏರು ಬಂತು, ಬೊಳ್ಳ ನಿಂತಿತು. ಮಾಮ ಮುಂದಿನಿಂದಲೇ ಕರೆದ.

"ಓ ಬೊಳ್ಳಾ, ಬಾ ಬಾ ಬಾ, ಮನೆ ಬಂತು ಬಾ."

ನನ್ನ ಕೈ ಹಿಡಿದಿದ್ದ ಅಜ್ಜಿ ಥಟ್ಟನೆ ನಿಂತಳು. ಗದ್ದೆಯಿಂದ ಬರುವಾಗ ಅಜ್ಜ ಹೀಗೇ ಕರೆಯುತ್ತಿದ್ದರಂತೆ, ಸ್ವರವೂ ಅದೇ ಅಂತೆ. ಇದನ್ನು ಅವಳು ಹೇಳಿದ್ದು ಎಷ್ಟೋ ವರ್ಷಗಳ ನಂತರ. ಆಗ ನನಗೆ ತಿಳಿದದ್ದು ಅವಳು ನಿಂತಳೆಂದು ಮಾತ್ರ.

ಮೇಲೆ ತಲುಪಿ ಚಾಪೆ ಹಾಸಿ, ಎಲೆ ಬಿಚ್ಚಲು ಹೋದರೆ ಕಟ್ಟಿನಲ್ಲಿ ಎಲೆಯಿಲ್ಲ. ಹಗ್ಗದಲ್ಲಿ ನಾಲ್ಕಾರು ದಂಟುಗಳು ನೇತಾಡುತ್ತಿದ್ದವು. ಹಿಂದೆ ಬರುತ್ತಿದ್ದ ಕಾಳ ದಾರಿಯುದ್ದಕ್ಕೂ ಮುಂದಿನವನ ಬೆನ್ನಿನಿಂದ ಒಂದೊಂದೇ ಎಳೆದು ತಿಂದು ಮುಗಿಸಿದ್ದ. ಈಗಲೂ ದವಡೆ ಆಡಿಸುತ್ತ ದೊಡ್ಡ ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದ. ಎಲೆಯಿಲ್ಲದೆ ಅಜ್ಜನಿಗೆ ಬಡಿಸುವಂತಿಲ್ಲ. ಚಿಕ್ಕಮ್ಮ ಪೇಪರ್ ಪ್ಲೇಟು ಎಂದಳು, ಅಮ್ಮ ಅವಳನ್ನು ಸುಮ್ಮನಿರಿಸಿದಳು. ಮಾಮನ ಮುಖ ಬಿಳಿಚಿತ್ತು.

"ತಪ್ಪು ನಂದೇ ಅಂತ ಅಮ್ಮನಿಗೆ ಹೇಳು ಪುಟ್ಟಿ. ನಾನು ಹಿಂದೆ ತಿರುಗಿ ನೋಡ್ಬೇಕಿತ್ತು. ಈ ಸಲವೂ ನನ್ನಿಂದಲೇ ಹಾಳಾಯ್ತು."

ನಾನು ಅಜ್ಜಿಯ ಕಡೆ ತಿರುಗುವ ಮೊದಲೇ ಒಂದು ಸದ್ದು ಕೇಳಿತು. ಅಜ್ಜಿ ನಗುತ್ತಿದ್ದಳು. ಅಜ್ಜ ಹೋದ ಮೇಲೆ ಅವಳು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು ಎಂದು ಅಮ್ಮ ಆಮೇಲೆ ಹೇಳುತ್ತಿದ್ದಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕಲ್ಲಿನ ಮೇಲೆ ಕುಳಿತಳು.

"ಮೇಲೆ ಕಟ್ಟು ಅಂತ ಹೇಳಿದ್ದು ನಾನು. ಅವನು ಒಳಗೆ ಹಾಕಲಿಕ್ಕೆ ಹೊರಟಿದ್ದ. ಹೇಳು ಅವನಿಗೆ."

ಅದಕ್ಕೆ ಬೆಲ್ಲ ಬೇಕಾಗಿರಲಿಲ್ಲ, ಇದ್ದ ಹಾಗೆಯೇ ಹೇಳಿದೆ. ಮಾಮ ತಲೆ ತಗ್ಗಿಸಿ ಕಾಳನ ಬೆನ್ನಿನಿಂದ ಪಾತ್ರೆಗಳನ್ನು ಇಳಿಸತೊಡಗಿದ. ಸಾರಿನ ಪಾತ್ರೆಯ ಹತ್ತಿರ ಅವನ ಕೈ ನಿಂತಿತು. ತುಳುಕದಿರಲೆಂದು ಅಮ್ಮ ಅದರ ಬಾಯಿಗೆ ಒಂದು ಬಾಳೆ ಎಲೆಯನ್ನು ಬಿಗಿದು ಮೇಲೆ ಮುಚ್ಚಳ ಇಟ್ಟಿದ್ದಳು. ಆವಿಗೆ ಬಾಡಿ ಮೆತ್ತಗಾಗಿತ್ತು, ಆದರೆ ಹರಿದಿರಲಿಲ್ಲ.

"ಪಾತ್ರೆಯ ಬಾಯಿಗೆ ಕಟ್ಟಿದ್ದು ಒಂದುಂಟು ಅಂತ ಹೇಳು. ಬಾಡಿದ್ದು. ಆಗ್ತದಾ ಅಂತ ಕೇಳು."

ಅಜ್ಜಿ ಎದ್ದು ಬಂದು ಆ ಎಲೆಯನ್ನು ಮುಟ್ಟಿ ನೋಡಿದಳು.

"ಆಗ್ತದೆ. ಗದ್ದೆಗೆ ಅವರಿಗೆ ನಾನು ಬುತ್ತಿ ಕಟ್ತಾ ಇದ್ದದ್ದು ಬಾಡಿಸಿದ ಎಲೆಯಲ್ಲೇ."

ಎಲೆ ಒರೆಸಿ, ನೆಲಕ್ಕೆ ನೀರು ಚಿಮುಕಿಸಿ ಹಾಸಿದ ಮೇಲೆ ಅಜ್ಜಿ ಅಳಿಯನನ್ನು ಕರೆದಳು. ಅಪ್ಪ ಕೈ ಮುಗಿದುಕೊಂಡೇ ಮುಂದೆ ಬಂದರು.

"ಅತ್ತಿಯವ್ರ, ಅನ್ನಾ ಬಡಸ್ತೀನಿ, ಪಾಯಸಾ ಬಡಸ್ತೀನಿ. ಕೋಳಿ ಮಾತ್ರ ನನ್ನ ಕೈಲೆ ಆಗೂದಿಲ್ರೀ. ನಮ್ಮವ್ವ ಮ್ಯಾಲಿಂದ ನೋಡ್ತಿರ್ತಾಳ."

ಅಜ್ಜಿ ಅಮ್ಮನನ್ನು ನೋಡಿದಳು. ಅಮ್ಮ ಬಹಳ ಆಸಕ್ತಿಯಿಂದ ಹಫೀತ್ ಬೆಟ್ಟವನ್ನು ನೋಡುತ್ತಿದ್ದಳು. ಮಗಳ ಉಪಾಯ ಅಜ್ಜಿಗೆ ಆ ಕ್ಷಣ ಪೂರ್ತಿ ತಿಳಿದಿರಬೇಕು. ಬೈಯಲಿಲ್ಲ. ಕತ್ತಲಾಗುವ ಮೊದಲು ಬಡಿಸಬೇಕಿತ್ತು, ಅಜ್ಜನಿಗೆ ಕೋಳಿ ಸಾರಿಲ್ಲದ ಆಟಿ ಆಟಿಯೇ ಅಲ್ಲ.

"ಅವನಿಗೆ ಹೇಳು ಮಗಾ," ಎಂದಳು ನೆಲ ನೋಡುತ್ತ. "ಕೈಕಾಲು ತೊಳ್ಕೊಂಡು ಬರ್ಲಿ."

ಮಾಮ ಕ್ಯಾನಿನ ನೀರಿನಲ್ಲಿ ಕೈಕಾಲು ತೊಳೆದು ಬಂದು ಮಂಡಿಯೂರಿದ. ಅನ್ನ ಹಾಕುವಾಗ ಕೆಲವು ಅಗುಳು ಮರಳಿಗೆ ಬಿದ್ದವು. ಸಾರು, ಒಣಮೀನು, ಪಾಯಸ, ಒಂದು ಲೋಟ ನೀರು. ಎಲ್ಲ ಇಟ್ಟ ಮೇಲೆ ಸತ್ತವರನ್ನು ಹೆಸರು ಹಿಡಿದು ಕರೆಯಬೇಕು. ಮಾಮನಿಗೆ ಹೆಸರು ಹೇಳಲು ಆಗಲಿಲ್ಲ. ಎಲೆಯ ಮೇಲೆ ಬಗ್ಗಿ ಮೆಲ್ಲಗೆ ಹೇಳಿದ.

"ಅಪ್ಪಾ, ತಡ ಆಯ್ತು. ಬಂದಿದ್ದೇನೆ. ಊಟ ಮಾಡಿ."

ನಾವೆಲ್ಲ ಗಾಫ್ ಮರದ ಆಚೆಗೆ ಹೋಗಿ ಬೆನ್ನು ತಿರುಗಿಸಿ ನಿಂತೆವು. ಕೆಳಗೆ ತೋಟದ ಮಸೀದಿಯಿಂದ ಬಾಂಗು ಕೇಳಿ ನಿಂತುಹೋಯಿತು. ಮರಳಿನ ಬಣ್ಣ ಕೆಂಪಿಗೆ, ನೀಲಿಗೆ, ನಮ್ಮ ಹಾಲ್‌ನ ಕತ್ತಲೆಯ ಬಣ್ಣಕ್ಕೆ ತಿರುಗಿತು. ಹಿಂದೆ ಎಲೆಯ ಬಳಿ ಏನೋ ಸರಸರ ಎಂದಿತು. ಗಾಳಿಯಿರಬಹುದು. ಯಾರೂ ತಿರುಗಲಿಲ್ಲ. ಅಜ್ಜಿ ಕಣ್ಣು ಮುಚ್ಚಿದ್ದಳು, ಅವಳ ಒಂದು ಪಕ್ಕ ನಾನು, ನನ್ನ ಇನ್ನೊಂದು ಪಕ್ಕ ಮಾಮ. ಅಜ್ಜ ನಿಜವಾಗಿಯೂ ಬಂದಿದ್ದಾರೆ ಎಂದು ನಾನು ಪೂರ್ತಿಯಾಗಿ ನಂಬಿದ ಹೊತ್ತು ಅದು. ಈಗ ನಂಬುತ್ತೇನೆಯೇ ಎಂದು ಕೇಳಿದರೆ ಹೇಳಲಾರೆ.

ಅಜ್ಜಿ ಚಪ್ಪಾಳೆ ತಟ್ಟಿದಳು, ಬರುತ್ತಿದ್ದೇವೆ ಎಂದು ತಿಳಿಸುವುದಕ್ಕೆ. ನಾವು ಮರಳಿ ಬಂದು ಎಲೆಯ ಸುತ್ತ ನಿಂತೆವು. ಇನ್ನು ಕೂರಬೇಕಾದವರು ಯಾರೆಂದು ಹೇಳುವುದು ಉಳಿದಿತ್ತು. ಅಜ್ಜಿ ಎಲೆಯನ್ನು ನೋಡಿದಳು, ನನ್ನನ್ನು ನೋಡಿದಳು. ಹೊತ್ತೊಯ್ಯಬೇಕಾದ ಮಾತಿಗಾಗಿ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳ ಕಣ್ಣು ನನ್ನನ್ನು ದಾಟಿ ಹೋಯಿತು.

"ಸುಧಾ, ಕೂತ್ಕೋ. ಎಷ್ಟು ಹೊತ್ತು ಕಾಯುವುದು ನಾನು? ಅನ್ನ ತಣ್ಣಗಾಗ್ತದೆ."

ಅಭ್ಯಾಸಬಲದಿಂದ ನಾನು ಮಾಮನ ಕಡೆ ತಿರುಗಿ ಬಾಯಿ ತೆರೆದೆ. ಅವನಾಗಲೇ ಎಲೆಯ ಮುಂದೆ ಕುಳಿತಿದ್ದ, ಅಜ್ಜಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅವನ ಅನ್ನದ ಮೇಲೆ ಇನ್ನಷ್ಟು ಸಾರು ಹಾಕುತ್ತಿದ್ದಳು. ನಾನು ಹೇಳಬೇಕಾದದ್ದು ಏನೂ ಇರಲಿಲ್ಲ. ಕಾಲು ಮಡಚಿ ಕೂತಿದ್ದ ಬೊಳ್ಳನ ಬಳಿಗೆ ಹೋಗಿ ಅದರ ಹೊಟ್ಟೆಗೆ ಒರಗಿ ಕುಳಿತೆ. ಅದರ ಬೆನ್ನ ಮೇಲಿನ ಭಾರವನ್ನೂ ಆಗಲೇ ಇಳಿಸಿದ್ದರು.